ಆರು ಪರೀಕ್ಷೆ, ಒಂದು ಗಡುವು: ಎನ್‌ಟಿ 4.0 ಕಾಲದ ಎಂಸಿಎಸ್‌ಇ ಪ್ರಕರಣ

ವಿಂಡೋಸ್ 2000 ಮಾರುಕಟ್ಟೆಗೆ ಬಂದದ್ದು 2000ದ ಫೆಬ್ರವರಿ 17ರಂದು. ಅದರ ಜೊತೆಗೇ ಮೈಕ್ರೋಸಾಫ್ಟ್ ತನ್ನ ಪ್ರಮಾಣಪತ್ರಧಾರಿಗಳಿಗೆ ಒಂದು ಗಡುವನ್ನೂ ಹಾಕಿತ್ತು. ಅದರ ಹಿಂದಿನ ಆವೃತ್ತಿಯಾದ ವಿಂಡೋಸ್ ಎನ್‌ಟಿ 4.0 ಮೇಲೆ ಎಂಸಿಎಸ್‌ಇ (ಮೈಕ್ರೋಸಾಫ್ಟ್ ಸರ್ಟಿಫೈಡ್ ಸಿಸ್ಟಮ್ಸ್ ಎಂಜಿನಿಯರ್) ಆದವರು 2001ರ ಡಿಸೆಂಬರ್ 31ರೊಳಗೆ ಹೊಸ ಪರೀಕ್ಷೆಗಳನ್ನು ಪಾಸು ಮಾಡಬೇಕು, ಇಲ್ಲದಿದ್ದರೆ ಆ ನಾಲ್ಕು ಅಕ್ಷರ ಹೆಸರಿನ ಪಕ್ಕದಿಂದ ಹೋಗುತ್ತದೆ. ಗಡುವಿಗೆ ಎರಡು-ಮೂರು ತಿಂಗಳಿರುವಾಗ, 2001ರ ಅಕ್ಟೋಬರಿನಲ್ಲಿ, ಕಂಪನಿಯೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು.

ಐಟಿ ಸರ್ಟಿಫಿಕೇಷನ್‌ಗೆ ಬೆಲೆ ಎಲ್ಲಿಂದ ಬರುತ್ತದೆ, ಯಾವ ಬಿರುಕಿನಲ್ಲಿ ಸೋರಿಹೋಗುತ್ತದೆ ಎಂದು ಕೇಳುವವರು ಇಂದಿಗೂ ಬಿಡಿಸಿ ನೋಡಬೇಕಾದ ಪ್ರಕರಣ ಇದು. ಒಂದೇ ಕಾಗದವನ್ನು ಮೂವರು ಹಿಡಿದುಕೊಂಡಿದ್ದರು: ಪರೀಕ್ಷೆ ಬರೆದವನು, ಅವನಿಗೆ ಕೆಲಸ ಕೊಟ್ಟವನು, ಕಾಗದ ಅಚ್ಚು ಹಾಕಿದ ಕಂಪನಿ. ಮೂವರಿಗೂ ಅದರಿಂದ ಬೇಕಾಗಿದ್ದದ್ದು ಬೇರೆ ಬೇರೆ. ಬೆಲೆ ಏರುತ್ತಿರುವಷ್ಟು ದಿನ ಇದು ಯಾರ ಗಮನಕ್ಕೂ ಬರಲಿಲ್ಲ.

ಆರು ಪರೀಕ್ಷೆಗಳು

ಎನ್‌ಟಿ 4.0 ಎಂಸಿಎಸ್‌ಇಗೆ ನಾಲ್ಕು ಕಡ್ಡಾಯ ಪರೀಕ್ಷೆ, ಎರಡು ಐಚ್ಛಿಕ. ಕಡ್ಡಾಯವಾದವು 70-067 (ಎನ್‌ಟಿ ಸರ್ವರ್), 70-068 (ದೊಡ್ಡ ಜಾಲಗಳಲ್ಲಿ ಎನ್‌ಟಿ ಸರ್ವರ್), 70-073 (ಎನ್‌ಟಿ ವರ್ಕ್‌ಸ್ಟೇಷನ್) ಮತ್ತು 70-058 (ನೆಟ್‌ವರ್ಕಿಂಗ್ ಎಸೆನ್ಷಿಯಲ್ಸ್). ಐಚ್ಛಿಕಗಳಲ್ಲಿ ಹೆಚ್ಚು ಜನ ಹಿಡಿಯುತ್ತಿದ್ದದ್ದು 70-059, ಅಂದರೆ ಟಿಸಿಪಿ/ಐಪಿ, ಮತ್ತು 70-087, ಅಂದರೆ ವೆಬ್ ಸರ್ವರ್ ಐಐಎಸ್ 4.0. ಅಮೆರಿಕದಲ್ಲಿ ಒಂದೊಂದಕ್ಕೂ ಶುಲ್ಕ 100 ಡಾಲರ್. ಒಂದರಲ್ಲೂ ಎಡವದೆ ಹೋದರೆ 600 ಡಾಲರ್‌ಗೆ ಎಂಸಿಎಸ್‌ಇ. ಎಲ್ಲವೂ ಪ್ರಾಮೆಟ್ರಿಕ್ ಅಥವಾ ವಿಯುಇ ಕೇಂದ್ರದಲ್ಲಿ ಕೂತು ಸರಿಯುತ್ತರದ ಮೇಲೆ ಕ್ಲಿಕ್ ಮಾಡುವ ಪರೀಕ್ಷೆಗಳು. ಸರ್ವರ್ ಮುಟ್ಟುವ ಪ್ರಮೇಯ ಯಾವುದರಲ್ಲೂ ಇರಲಿಲ್ಲ.

ಪಠ್ಯ ಹಗುರವಾಗಿತ್ತು ಅನ್ನುವಂತಿಲ್ಲ. 70-068 ತೆಗೆದುಕೊಂಡವನು ಡೊಮೇನ್‌ಗಳ, ಅಂದರೆ ಒಂದೇ ಖಾತೆಪಟ್ಟಿಯಡಿ ನಡೆಯುವ ಕಂಪ್ಯೂಟರ್ ಗುಂಪುಗಳ, ಲೆಕ್ಕ ಹಾಕಬೇಕಿತ್ತು: ಬಳಕೆದಾರನ ಒಂದು ಖಾತೆಗೆ 1 ಕೆಬಿ, ಕಂಪ್ಯೂಟರ್ ಖಾತೆಗೆ ಅರ್ಧ ಕೆಬಿ, ಈ ಖಾತೆಗಳಿರುವ ಎಸ್‌ಎಎಂ ಡೇಟಾಬೇಸ್ 40 ಎಂಬಿ ದಾಟದಿದ್ದರೆ ಒಳ್ಳೆಯದು. ಆದ್ದರಿಂದ ತಲೆಗೊಂದು ಕಂಪ್ಯೂಟರ್ ಇರುವ ಸಂಸ್ಥೆಗೆ ಒಂದು ಡೊಮೇನ್ ಸುಮಾರು 26,000 ಜನರವರೆಗೆ ಸಾಕು. ಪ್ರತಿ ಡೊಮೇನೂ ಉಳಿದೆಲ್ಲವನ್ನೂ ನಂಬಬೇಕಾದರೆ 5 ಡೊಮೇನ್‌ಗೆ 20 ಏಕಮುಖ ಟ್ರಸ್ಟ್, 10ಕ್ಕೆ 90. ಇದನ್ನು ಅರ್ಥಮಾಡಿಕೊಂಡು ಕಲಿತವನಿಗೆ ಕಂಪನಿಯ ಜಾಲವನ್ನು ಕಾಗದದ ಮೇಲೆ ಬಿಡಿಸಲು ಬರುತ್ತಿತ್ತು. ಆರು ಪರೀಕ್ಷೆ ಓದಿ ಬರೆದವರು ನಿಜಕ್ಕೂ ಕಲಿತಿದ್ದರು. ತೊಂದರೆ ಬೇರೆ ಕಡೆಯಿಂದ ಬಂತು.

ಯಾರಿಗೆ ಏನು ಸಿಕ್ಕಿತು

ಉದ್ಯೋಗಿಗೆ ಸಿಕ್ಕಿದ್ದು ಬಾಗಿಲು ತಟ್ಟುವ ಅವಕಾಶ. 1990ರ ದಶಕದ ಕೊನೆಯಲ್ಲಿ ಕಂಪನಿಗಳು ನಾವೆಲ್ ಕಂಪನಿಯ ನೆಟ್‌ವೇರ್ ಎಂಬ ಸರ್ವರ್ ತಂತ್ರಾಂಶ ಬಿಟ್ಟು ಎನ್‌ಟಿಗೆ ಬರುತ್ತಿದ್ದವು, ವೈ2ಕೆ (2000ಕ್ಕೆ ತೇದಿ ತಪ್ಪದಂತೆ ತಂತ್ರಾಂಶ ತಿದ್ದುವ) ಕೆಲಸ ಮೇಲೆ ಬಿದ್ದಿತ್ತು, ಎನ್‌ಟಿ ಬಲ್ಲವರು ಸಾಲದೆ ಇದ್ದರು. ಎಂಜಿನಿಯರಿಂಗ್ ಪದವಿ ಇಲ್ಲದ ಬಿಕಾಂ, ಬಿಎಸ್‌ಸಿ ಹುಡುಗರಿಗೆ ಹಾರ್ಡ್‌ವೇರ್ ರಿಪೇರಿಯಿಂದ ಸರ್ವರ್ ಕೋಣೆಗೆ ಹತ್ತಲು ಇದ್ದ ಏಣಿಗಳಲ್ಲಿ ಇದೂ ಒಂದು. ಬೆಂಗಳೂರಿನ ತರಬೇತಿ ಸಂಸ್ಥೆಗಳ ಬೋರ್ಡುಗಳಲ್ಲಿ ಆಗ ಎಂಸಿಎಸ್‌ಇ ದಪ್ಪಕ್ಷರದಲ್ಲಿ ನಿಂತದ್ದಕ್ಕೆ ಕಾರಣ ಇದೇ.

ಕೆಲಸ ಕೊಡುವವರಿಗೆ ಎರಡು ಲಾಭ. ಸಾವಿರ ರೆಸ್ಯೂಮೆ ಬಂದಾಗ ಸೋಸಲು ಒಂದು ಜರಡಿ ಮೊದಲನೆಯದು. ಎರಡನೆಯದು ಹೆಚ್ಚು ಲೆಕ್ಕದ್ದು, ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ: ಮೈಕ್ರೋಸಾಫ್ಟಿನ ಅಧಿಕೃತ ಸಲ್ಯೂಷನ್ ಪ್ರೊವೈಡರ್ ಅನ್ನಿಸಿಕೊಳ್ಳಬೇಕಾದರೆ ಪ್ರಮಾಣಪತ್ರ ಇರುವ ಇಬ್ಬರಾದರೂ ಸಂಬಳಪಟ್ಟಿಯಲ್ಲಿ ಇರಬೇಕಿತ್ತು. ಪಾಲುದಾರ ಸ್ಥಾನ ಇದ್ದರೆ ಟೆಂಡರಿಗೆ ಅರ್ಹತೆ, ಸಾಫ್ಟ್‌ವೇರ್ ಪ್ರತಿಗಳು, ತಾಂತ್ರಿಕ ನೆರವು. ಸಣ್ಣ ಸಂಸ್ಥೆಯಲ್ಲಿ ಅಂಥ ಇಬ್ಬರಲ್ಲಿ ಒಬ್ಬ ರಾಜೀನಾಮೆ ಕೊಟ್ಟರೆ ಸಮಸ್ಯೆ ಸರ್ವರಿನದಲ್ಲ, ಸ್ಥಾನಮಾನದ್ದು. ಇಂದಿನ ಪಾಲುದಾರ ಯೋಜನೆಗಳೂ ಪ್ರಮಾಣಪತ್ರ ಹೊಂದಿದ ತಲೆಗಳನ್ನು ಎಣಿಸುತ್ತವೆ. ಅಪ್ರೈಸಲ್ ಹತ್ತಿರ ಬಂದಾಗ ಮ್ಯಾನೇಜರ್ ಇದ್ದಕ್ಕಿದ್ದಂತೆ ಪರೀಕ್ಷೆಯ ವೋಚರ್ ಹಿಡಿದುಕೊಂಡು ಬಂದರೆ, ಅದು ನಿಮ್ಮ ಏಳಿಗೆಗೆ ಮಾತ್ರ ಅಂದುಕೊಳ್ಳಬೇಕಿಲ್ಲ.

ಮೈಕ್ರೋಸಾಫ್ಟಿಗೆ ಸಿಕ್ಕಿದ್ದು ಒಂದು ಸೈನ್ಯ. ಎನ್‌ಟಿ ಬಲ್ಲವರು ಪ್ರತಿ ಊರಿನಲ್ಲೂ ಸಿಗುತ್ತಾರೆ ಎಂಬ ಭರವಸೆ ಇಲ್ಲದೆ ಯಾವ ಬ್ಯಾಂಕೂ ನೆಟ್‌ವೇರ್ ಬಿಡುತ್ತಿರಲಿಲ್ಲ. ಆದ್ದರಿಂದ ಸಂಖ್ಯೆ ಬೇಗ ಬೆಳೆಯುವುದು ಕಂಪನಿಗೆ ಬೇಕಾಗಿತ್ತು, ಸಂಖ್ಯೆ ಮಿತಿಯಲ್ಲಿರುವುದು ಕಾಗದ ಹಿಡಿದವರಿಗೆ ಬೇಕಾಗಿತ್ತು. ಈ ಜಗಳ ಗಡುವಿಗಿಂತ ಎಷ್ಟೋ ಮೊದಲೇ ಪಠ್ಯದ ವಿನ್ಯಾಸದಲ್ಲೇ ಹುದುಗಿತ್ತು.

ಬಿರುಕು

ಪ್ರಶ್ನೆಗಳ ಬುಟ್ಟಿ ಚಿಕ್ಕದು, ಬರೆಯುವವರು ಲಕ್ಷಗಟ್ಟಲೆ. ಹೊರಗೆ ಬಂದವರು ನೆನಪಿನಲ್ಲಿದ್ದ ಪ್ರಶ್ನೆಗಳನ್ನು ಬರೆದಿಟ್ಟರು, ಬೇರೆಯವರು ಅವನ್ನು ಜೋಡಿಸಿ ಮಾರಿದರು. ನಮ್ಮಲ್ಲಿ ಇದಕ್ಕೆ ‘ಡಂಪ್ಸ್’ ಎಂಬ ಹೆಸರು ಗಟ್ಟಿಯಾಗಿ ನಿಂತಿತು. ಮೈಕ್ರೋಸಾಫ್ಟ್ ಕೆಲವು ಪರೀಕ್ಷೆಗಳನ್ನು ಅಡಾಪ್ಟಿವ್ ಮಾಡಿತು: ಸರಿಯುತ್ತರ ಕೊಟ್ಟವನಿಗೆ ಮುಂದಿನದು ಕಠಿಣ, ತಪ್ಪಿದವನಿಗೆ ಸುಲಭ, ಪ್ರಶ್ನೆಗಳ ಸಂಖ್ಯೆಯೂ ಕಡಿಮೆ, ಆದ್ದರಿಂದ ಒಬ್ಬನ ಕಣ್ಣಿಗೆ ಬೀಳುವ ಪ್ರಶ್ನೆಗಳೂ ಕಡಿಮೆ. ಸೋರಿಕೆಯ ವೇಗ ಇದರಿಂದ ತಗ್ಗಿರಬಹುದು, ನಿಲ್ಲಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಂಥ ಪ್ರಶ್ನೋತ್ತರಗಳನ್ನು ಮಾರುತ್ತಿದ್ದ ಒಬ್ಬನು ವ್ಯಾಪಾರ ರಹಸ್ಯ ಕದ್ದದ್ದನ್ನು 2002ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡು ಜೈಲಿಗೂ ಹೋದ. ಅಷ್ಟು ಹೊತ್ತಿಗೆ ‘ಪೇಪರ್ ಎಂಸಿಎಸ್‌ಇ’, ಅಂದರೆ ಕಾಗದ ಮಾತ್ರ ಇರುವವನು, ಎಂಬ ಬೈಗುಳ ಹಳೆಯದಾಗಿತ್ತು. ಅದೂ ಸ್ವಂತದ್ದಲ್ಲ, ನಾವೆಲ್‌ನ ಪ್ರಮಾಣಪತ್ರ ಪಡೆದ ಸಿಎನ್‌ಇಗಳಿಗೆ ಅಂಟಿದ್ದ ‘ಪೇಪರ್ ಸಿಎನ್‌ಇ’ಯಿಂದ ಎರವಲು ತಂದದ್ದು.

ಉರು ಹೊಡೆದವನಿಗೂ ಕಲಿತವನಿಗೂ ವ್ಯತ್ಯಾಸ ಕಾಣುತ್ತಿದ್ದದ್ದು ಸರ್ವರ್ ಕೋಣೆಯಲ್ಲಿ. ನಾಲ್ಕು ಸಂದರ್ಭ ನೋಡಿ.

ಸರ್ವಿಸ್ ಪ್ಯಾಕ್ (ತಿದ್ದುಪಡಿಗಳ ಕಂತೆ) ಹಾಕಿದ್ದ ಎನ್‌ಟಿ ಸರ್ವರಿಗೆ ಮೂಲ ಸಿಡಿಯಿಂದ ಹೊಸ ಸೇವೆ ಸೇರಿಸಿದರೆ, ಉದಾಹರಣೆಗೆ ಡಿಎಚ್‌ಸಿಪಿ ಅಥವಾ ಆರ್‌ಎಎಸ್, ಸಿಡಿಯ ಹಳೆಯ ಫೈಲುಗಳು ಹೊಸವುಗಳ ಮಧ್ಯೆ ಬಂದು ಕೂರುತ್ತವೆ. ಆದ್ದರಿಂದ ಸೇವೆ ಸೇರಿಸಿದ ಕೂಡಲೇ ಸರ್ವಿಸ್ ಪ್ಯಾಕನ್ನು ಇನ್ನೊಮ್ಮೆ ಹಾಕಬೇಕು. ಮರೆತವನಿಗೆ ಆ ಸೇವೆ ಏಳುವುದಿಲ್ಲ, ಅದೃಷ್ಟ ಕೆಟ್ಟರೆ ನೀಲಿ ಪರದೆ.

ತುರ್ತು ರಿಪೇರಿ ಡಿಸ್ಕ್ ಮಾಡಲು ಆರ್‌ಡಿಸ್ಕ್ ಎಂಬ ಆಜ್ಞೆ ಇತ್ತು. ಬರಿಯ ಆರ್‌ಡಿಸ್ಕ್ ಓಡಿಸಿದರೆ ಬಳಕೆದಾರರ ಖಾತೆಗಳಿರುವ ಎಸ್‌ಎಎಂ ಭಾಗ ಹೊಸದಾಗಿ ನಕಲಾಗುವುದಿಲ್ಲ. ಆಜ್ಞೆಯ ಕೊನೆಯಲ್ಲಿ ‘/ಎಸ್’ ಬೇಕು. ಇದು ತಿಳಿಯದವನು ಅನಾಹುತದ ದಿನ ರಿಪೇರಿ ಮಾಡಿದರೆ ಇನ್‌ಸ್ಟಾಲ್ ಮಾಡಿದ ದಿನದ ಖಾತೆಗಳು ವಾಪಸ್ಸು ಬರುತ್ತವೆ, ಉಳಿದ ಖಾತೆಗಳೆಲ್ಲ ಮಾಯ.

ಪಿಡಿಸಿ, ಅಂದರೆ ಮುಖ್ಯ ಡೊಮೇನ್ ಕಂಟ್ರೋಲರ್, ಸತ್ತರೆ ಬಿಡಿಸಿ, ಅಂದರೆ ಮೀಸಲು ಕಂಟ್ರೋಲರ್, ತಾನಾಗಿ ಪಟ್ಟಕ್ಕೆ ಬರುವುದಿಲ್ಲ. ಜನ ಲಾಗಿನ್ ಆಗುತ್ತಲೇ ಇರುತ್ತಾರೆ, ಹಾಗಾಗಿ ಏನೂ ಆಗಿಲ್ಲ ಅನ್ನಿಸುತ್ತದೆ. ಪಾಸ್‌ವರ್ಡ್ ಬದಲಿಸಹೋದವನಿಗೆ ಮಾತ್ರ ಗೊತ್ತಾಗುತ್ತದೆ. ಸರ್ವರ್ ಮ್ಯಾನೇಜರ್ ತೆರೆದು ಬಿಡಿಸಿಗೆ ಕೈಯಾರೆ ಬಡ್ತಿ ಕೊಡಬೇಕು. ಹಳೆಯ ಪಿಡಿಸಿ ರಿಪೇರಿಯಾಗಿ ಮರಳಿದಾಗ ಅದರ ನೆಟ್‌ಲಾಗಾನ್ ಸೇವೆ ಏಳುವುದಿಲ್ಲ, ಏಕೆಂದರೆ ಒಂದು ಡೊಮೇನ್‌ನಲ್ಲಿ ಇಬ್ಬರು ಯಜಮಾನರಿಗೆ ಜಾಗವಿಲ್ಲ. ಅದನ್ನು ಬಿಡಿಸಿಯಾಗಿ ಇಳಿಸಬೇಕು. ಇನ್ನು ಸಾದಾ ಮೆಂಬರ್ ಸರ್ವರ್ ಆಗಿ ಹಾಕಿದ ಯಂತ್ರವನ್ನು ಡೊಮೇನ್ ಕಂಟ್ರೋಲರ್ ಮಾಡಬೇಕೆಂದರೆ ಎನ್‌ಟಿಯನ್ನು ಮತ್ತೆ ಇನ್‌ಸ್ಟಾಲ್ ಮಾಡದೆ ದಾರಿಯಿಲ್ಲ.

ನಾಲ್ಕನೆಯದು ನಮಗೆ ಅತಿ ಇಷ್ಟದ್ದು. ಮಿರರ್ ಮಾಡಿದ (ಒಂದರ ಪ್ರತಿ ಇನ್ನೊಂದರಲ್ಲಿರುವ) ಎರಡು ಡಿಸ್ಕ್‌ಗಳಲ್ಲಿ ಮೊದಲನೆಯದು ಕೆಟ್ಟಿದೆ, ಎರಡನೆಯದರಿಂದ ಸರ್ವರ್ ಎಬ್ಬಿಸಬೇಕು. ಬೂಟ್ ಫ್ಲಾಪಿಯಲ್ಲಿ ಎನ್‌ಟಿಎಲ್‌ಡಿಆರ್, ಎನ್‌ಟಿಡಿಟೆಕ್ಟ್ ಮತ್ತು ಬೂಟ್.ಐಎನ್‌ಐ ಮೂರೂ ಇರಬೇಕು, ಬೂಟ್.ಐಎನ್‌ಐಯ ಸಾಲಿನಲ್ಲಿ ಆರ್‌ಡಿಸ್ಕ್(0) (ಇಲ್ಲಿ ಇದು ಮೇಲಿನ ಆಜ್ಞೆಯಲ್ಲ, ಡಿಸ್ಕ್‌ನ ಸಂಖ್ಯೆ) ಇದ್ದದ್ದು ಆರ್‌ಡಿಸ್ಕ್(1) ಆಗಬೇಕು. ಡಿಸ್ಕ್ ಎಣಿಕೆ ಸೊನ್ನೆಯಿಂದ, ಪಾರ್ಟಿಷನ್ ಎಣಿಕೆ ಒಂದರಿಂದ. ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ಇಷ್ಟೇ, ಡಂಪ್ಸ್ ಓದಿದವನೂ ಸರಿಯಾಗಿ ಕ್ಲಿಕ್ ಮಾಡುತ್ತಿದ್ದ. ಕೆಲಸದಲ್ಲಿ ಎಡವುತ್ತಿದ್ದದ್ದು ಅದಕ್ಕೂ ಮೊದಲು: ಫ್ಲಾಪಿಯನ್ನು ಎನ್‌ಟಿ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿರಬೇಕು. ಡಾಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಫ್ಲಾಪಿಯ ಬೂಟ್ ಸೆಕ್ಟರ್ ಎನ್‌ಟಿಎಲ್‌ಡಿಆರ್ ಅನ್ನು ಹುಡುಕುವುದೇ ಇಲ್ಲ. ಮೂರು ಫೈಲೂ ಸರಿ, ಸಾಲೂ ಸರಿ, ಸರ್ವರ್ ಮಾತ್ರ ಏಳುವುದಿಲ್ಲ. ಒಮ್ಮೆಯಾದರೂ ಫ್ಲಾಪಿ ಮಾಡಿ ಪರೀಕ್ಷಿಸಿದವನಿಗೆ ಇದು ಎರಡು ನಿಮಿಷದ ಮಾತು.

ಗಡುವು, ಮತ್ತೆ ಹಿಂದೇಟು

ವಿಂಡೋಸ್ 2000 ತಂದ ಆಕ್ಟಿವ್ ಡೈರೆಕ್ಟರಿ ಎಂಬ ಹೊಸ ಖಾತೆ ವ್ಯವಸ್ಥೆ ಪಿಡಿಸಿ-ಬಿಡಿಸಿ ಲೋಕವನ್ನೇ ಬದಲಿಸಿತು. ಹಳೆಯ ಎಂಸಿಎಸ್‌ಇಗೆ ಹೊಸದು ಗೊತ್ತು ಎಂದು ಊಹಿಸಲು ಆಗುತ್ತಿರಲಿಲ್ಲ, ಆದ್ದರಿಂದ ಹೊಸ ಪರೀಕ್ಷೆ ಕೇಳಿದ್ದು ತಪ್ಪಲ್ಲ. ಹೊಸ ಎಂಸಿಎಸ್‌ಇಗೆ ಏಳು ಪರೀಕ್ಷೆ: 70-210, 70-215, 70-216, 70-217 ಎಂಬ ನಾಲ್ಕು ಮೂಲ ಪರೀಕ್ಷೆಗಳು, ವಿನ್ಯಾಸದ್ದು ಒಂದು, ಐಚ್ಛಿಕ ಎರಡು. ಎನ್‌ಟಿ 4.0ರ ಮೂರು ಮುಖ್ಯ ಪರೀಕ್ಷೆ ಪಾಸಾದವರಿಗೆ 70-240 ಎಂಬ ಅಡ್ಡದಾರಿ ಇತ್ತು. ನಾಲ್ಕೂ ಮೂಲ ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿದ, ನಾಲ್ಕು ಗಂಟೆಯ, ಶುಲ್ಕವಿಲ್ಲದ ಪರೀಕ್ಷೆ. ಷರತ್ತು ಒಂದೇ: ಬರೆಯುವುದು ಒಂದೇ ಸಲ. ಎಡವಿದರೆ ನಾಲ್ಕನ್ನೂ ಬಿಡಿಬಿಡಿಯಾಗಿ ಬರೆಯಬೇಕು, 400 ಡಾಲರ್. ವಿನ್ಯಾಸದ ಪರೀಕ್ಷೆ ಸೇರಿದರೆ 500. ಹಳೆಯ ಐಚ್ಛಿಕಗಳಲ್ಲಿ ಕೆಲವು ಮಾತ್ರ ಹೊಸ ಲೆಕ್ಕಕ್ಕೆ ಬರುತ್ತಿದ್ದವು.

ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಂಡಿತು. ಕಂಪನಿ ಲೆಕ್ಕ ತಪ್ಪಿದ್ದು ಸರ್ವರ್ ಕೋಣೆಯ ವಿಷಯದಲ್ಲಿ. ಉದ್ಯಮಗಳು ಎನ್‌ಟಿ 4.0 ಬಿಡಲು ಅವಸರ ಮಾಡಲಿಲ್ಲ. ಎನ್‌ಟಿ ಸರ್ವರ್ 4.0ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿದದ್ದೇ 2004ರ ಡಿಸೆಂಬರ್ 31ಕ್ಕೆ. ಅಂದರೆ ಉತ್ಪನ್ನ ಇನ್ನೂ ಮೂರು ವರ್ಷ ಬದುಕಿರುವಾಗ ಅದನ್ನು ಬಲ್ಲವನ ಪ್ರಮಾಣಪತ್ರ ಮೊದಲು ಸಾಯಬೇಕಿತ್ತು. ದಿನವೂ ಎನ್‌ಟಿ ನೋಡಿಕೊಳ್ಳುತ್ತಿದ್ದ, ಮನೆಯಲ್ಲಿ ವಿಂಡೋಸ್ 2000 ಪ್ರಯೋಗಾಲಯ ಹಾಕಲು ಎರಡು ಯಂತ್ರವಿಲ್ಲದ ಅಡ್ಮಿನ್ ಮುಂದೆ ಎರಡೇ ದಾರಿ: ಬಿಟ್ಟುಕೊಡುವುದು, ಇಲ್ಲವೇ ಡಂಪ್ಸ್ ಓದುವುದು. ಪೇಪರ್ ಎಂಸಿಎಸ್‌ಇಗಳನ್ನು ಜರಡಿ ಹಿಡಿಯಬೇಕಾದ ಗಡುವು ಪ್ರಾಮಾಣಿಕರನ್ನೇ ಹೊರಗೆ ತಳ್ಳುತ್ತಿತ್ತು. ಉರು ಹೊಡೆಯುವುದರಲ್ಲಿ ಪಳಗಿದವನಿಗೆ ಏಳು ಪರೀಕ್ಷೆ ಎಂದರೆ ಇನ್ನೂ ಏಳು ಕಡತ, ಅಷ್ಟೇ.

2001ರ ಅಕ್ಟೋಬರಿನ ತೀರ್ಮಾನ ಹೀಗಿತ್ತು: ಎನ್‌ಟಿ 4.0 ಎಂಸಿಎಸ್‌ಇ ರದ್ದಾಗುವುದಿಲ್ಲ. ಅದರ ಬದಲು ಯಾವ ಆವೃತ್ತಿಯ ಎಂಸಿಎಸ್‌ಇ ಎಂಬುದನ್ನು ಹೆಸರಿನ ಜೊತೆಗೇ ಹೇಳಲಾಗುತ್ತದೆ. ದಿನನಿತ್ಯದ ಅಡ್ಮಿನ್ ಕೆಲಸ ಮಾಡುವವರಿಗಾಗಿ ಎಂಸಿಎಸ್‌ಎ ಎಂಬ ಚಿಕ್ಕ ಮೆಟ್ಟಿಲೂ ಬಂತು. ನಮ್ಮ ಅಭಿಪ್ರಾಯದಲ್ಲಿ ಆವೃತ್ತಿ ಬರೆಯುವ ಉಪಾಯ ಮೊದಲ ದಿನವೇ ಬರಬೇಕಿತ್ತು. ‘ಎನ್‌ಟಿ 4.0’ ಎಂದು ನಮೂದಾದ ಕಾಗದ ಸುಳ್ಳು ಹೇಳುವುದಿಲ್ಲ, ಹಳೆಯದು ಎನ್ನುತ್ತದೆ ಅಷ್ಟೇ. ಅದು ತನಗೆ ಬೇಕೋ ಬೇಡವೋ ಎಂಬುದನ್ನು ಕೆಲಸ ಕೊಡುವವನು ನೋಡಿಕೊಳ್ಳುತ್ತಾನೆ. ಗಡುವು ನಂಬಿ ಮೊದಲೇ ಹಣ, ರಾತ್ರಿ ಎರಡನ್ನೂ ಸುರಿದು ಪಾಸಾದವರಿಗೆ ಮಾತ್ರ ಈ ಹಿಂದೇಟು ಕಹಿಯಾಯಿತು. ಅವರ ಸಿಟ್ಟಿಗೆ ಕಾರಣವಿತ್ತು.

ಇದೇ ಎಡವಟ್ಟನ್ನು ಐಟಿ ಪ್ರಮಾಣಪತ್ರ ಕೊಡುವ ಇನ್ನೊಂದು ಸಂಸ್ಥೆ ಕಂಪ್ಟಿಯಾ 2010ರ ಜನವರಿಯಲ್ಲಿ ಮತ್ತೆ ಮಾಡಿತು. ಜೀವಮಾನವಿಡೀ ನಡೆಯುತ್ತದೆ ಎಂದು ಕೊಟ್ಟಿದ್ದ ಎ+, ನೆಟ್‌ವರ್ಕ್+, ಸೆಕ್ಯೂರಿಟಿ+ಗಳಿಗೆ ಇನ್ನು ಮೂರು ವರ್ಷದ ಅವಧಿ ಎಂದು ಹಿಂದಿನವರಿಗೂ ಅನ್ವಯಿಸಲು ಹೊರಟಿತು; ಗದ್ದಲವೆದ್ದ ಮೇಲೆ, 2011ರಿಂದ ಪಡೆಯುವವರಿಗೆ ಮಾತ್ರ ಎಂದು ತಿದ್ದಿಕೊಂಡಿತು.

ಬೆಲೆಯ ಲೆಕ್ಕ

ಅದೇ 2001ರ ಅಕ್ಟೋಬರಿನಲ್ಲಿ ಅರ್ಥಶಾಸ್ತ್ರದ ನೊಬೆಲ್ ಅಕರ್‌ಲಾಫ್, ಸ್ಟಿಗ್ಲಿಟ್ಜ್ ಜೊತೆ ಮೈಕಲ್ ಸ್ಪೆನ್ಸ್ ಅವರಿಗೂ ಸಿಕ್ಕಿತು. ಕೆಲಸದ ಮಾರುಕಟ್ಟೆಯಲ್ಲಿ ಪದವಿ ಒಂದು ಸಂಕೇತವಾಗಿ ಹೇಗೆ ದುಡಿಯುತ್ತದೆ ಎಂದು ಅವರು 1973ರಲ್ಲಿ ತೋರಿಸಿದ್ದರು. ಅವರ ತರ್ಕದ ತಿರುಳು ಇಲ್ಲಿಗೆ ಸೊಗಸಾಗಿ ಹೊಂದುತ್ತದೆ: ಯೋಗ್ಯನಿಗೆ ಪಡೆಯಲು ಅಗ್ಗ, ಅಯೋಗ್ಯನಿಗೆ ದುಬಾರಿ ಆಗಿರುವಷ್ಟು ಕಾಲ ಮಾತ್ರ ಸಂಕೇತಕ್ಕೆ ಅರ್ಥ. ಇಬ್ಬರಿಗೂ ಖರ್ಚು ಒಂದೇ ಆದರೆ ನೋಡುವವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. 1997ರ ಸುಮಾರಿಗೆ ಎನ್‌ಟಿ ಗೊತ್ತಿಲ್ಲದವನು ಆರು ಪರೀಕ್ಷೆ ದಾಟಲು ತಿಂಗಳುಗಟ್ಟಲೆ ಒದ್ದಾಡಬೇಕಿತ್ತು. ಡಂಪ್ಸ್ ಬಂದ ಮೇಲೆ ಆ ಒದ್ದಾಟ ಕೆಲವು ವಾರಕ್ಕೆ ಇಳಿಯಿತು. ಪಠ್ಯ ಬದಲಾಗಲಿಲ್ಲ, ಶುಲ್ಕ ಬದಲಾಗಲಿಲ್ಲ, ಅಯೋಗ್ಯನ ಖರ್ಚೊಂದು ಕುಸಿಯಿತು. ಅದರೊಂದಿಗೆ ಯೋಗ್ಯನ ಕಾಗದದ ಬೆಲೆಯೂ ಕುಸಿಯಿತು. ಡಂಪ್ಸ್ ಓದುವವನು ತನಗೆ ತಾನು ಮೋಸ ಮಾಡಿಕೊಳ್ಳುತ್ತಾನೆ ಎನ್ನುವ ಉಪದೇಶ ಇಲ್ಲಿ ಅರ್ಧಸತ್ಯ. ಅವನು ಕೈ ಹಾಕುವುದು ಪಕ್ಕದವನ ಜೇಬಿಗೆ.

ಗಡುವು ಈ ರೋಗಕ್ಕೆ ಮದ್ದಲ್ಲ ಎಂಬುದು ಬೇರೆ ಎರಡು ಪ್ರಮಾಣಪತ್ರಗಳನ್ನು ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಜಾಲ ಉಪಕರಣ ಮಾಡುವ ಸಿಸ್ಕೋ 1993ರಲ್ಲಿ ತಂದ ಸಿಸಿಐಇಗೆ ನಿಜವಾದ ಉಪಕರಣಗಳ ಮುಂದೆ ಕೂತು ಮಾಡುವ ಎರಡು ದಿನದ ಲ್ಯಾಬ್ ಪರೀಕ್ಷೆ ಇತ್ತು. 2001ರಲ್ಲಿ ಅದು ಒಂದು ದಿನಕ್ಕೆ ಇಳಿಯಿತು, ಲ್ಯಾಬ್ ಮಾತ್ರ ಉಳಿಯಿತು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 1999ರಲ್ಲಿ ತಂದ ಆರ್‌ಎಚ್‌ಸಿಇಯೂ ಕೈಯಾರೆ ಮಾಡಿ ತೋರಿಸುವ ಪರೀಕ್ಷೆಯೇ. ಲ್ಯಾಬ್ ಪ್ರಶ್ನೆಗಳೂ ಸೋರುತ್ತವೆ, ಸಿಸಿಐಇಗೂ ಆ ಕಾಟ ತಪ್ಪಿಲ್ಲ. ಆದರೆ ಸೋರಿದ ಪ್ರಶ್ನೆಗೆ ಉತ್ತರವೆಂದರೆ ಕೆಲಸವನ್ನು ಮಾಡಿ ಮುಗಿಸುವುದು. ನೂರು ಸಲ ಮಾಡಿ ಉರು ಹೊಡೆದವನಿಗೂ ಅಷ್ಟು ಕೆಲಸ ಬಂದೇ ಬಂದಿರುತ್ತದೆ.

ಮೈಕ್ರೋಸಾಫ್ಟ್ ಕೂಡ ನಿಧಾನವಾಗಿ ದಾರಿ ಬದಲಿಸಿದೆ. ಎಂಸಿಎಸ್‌ಇ ಎಂಬ ಹೆಸರು 2021ರ ಜನವರಿ 31ಕ್ಕೆ ಮುಗಿಯಿತು. ಈಗ ಅಝೂರ್ (ಮೈಕ್ರೋಸಾಫ್ಟಿನ ಕ್ಲೌಡ್) ಅಡ್ಮಿನಿಸ್ಟ್ರೇಟರ್‌ನಂಥ ಕೆಲಸವಾರು ಪ್ರಮಾಣಪತ್ರಗಳು. ಅವಧಿ ಒಂದು ವರ್ಷ, ನವೀಕರಣ ಆನ್‌ಲೈನ್‌ನಲ್ಲಿ, ಶುಲ್ಕವಿಲ್ಲದೆ, ಮುಗಿಯುವ ಆರು ತಿಂಗಳ ಮೊದಲಿನಿಂದಲೇ ಮಾಡಬಹುದು. 2023ರಿಂದ ಇಂಥ ಪರೀಕ್ಷೆಗಳ ನಡುವೆಯೇ ಮೈಕ್ರೋಸಾಫ್ಟ್ ಲರ್ನ್ ಪುಟಗಳನ್ನು ತೆರೆದು ನೋಡಲು ಬಿಡುತ್ತಾರೆ. ನೆನಪಿಗೆ ಅಂಕ ಕೊಡುವ ಚಟ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಇಂದು ಬಳಸುವ ಬಗೆ

ಹಣ ಹಾಕುವ ಮುನ್ನ ಉದ್ಯೋಗಿ ನೋಡಬೇಕಾದದ್ದು ಆ ಪರೀಕ್ಷೆಯ ನಿವೃತ್ತಿ ದಿನಾಂಕ. ಅರ್ಧ ಓದಿದಾಗ ಪರೀಕ್ಷೆಯ ಸಂಖ್ಯೆಯೇ ಬದಲಾದರೆ ಪುಸ್ತಕ, ವೋಚರ್ ಎರಡೂ ದಂಡ. ಆಮೇಲೆ ನವೀಕರಣದ ಲೆಕ್ಕ: ಸಿಸ್ಕೋ, ರೆಡ್ ಹ್ಯಾಟ್, ಅಮೆಜಾನ್‌ನ ಎಡಬ್ಲ್ಯೂಎಸ್‌ಗಳದ್ದು ಮೂರು ವರ್ಷ. ನಾಲ್ಕು ಕಂಪನಿಗಳ ನಾಲ್ಕು ಬ್ಯಾಡ್ಜ್ ಇಟ್ಟುಕೊಂಡವನು ವರ್ಷಕ್ಕೊಂದಾದರೂ ಪರೀಕ್ಷೆಗೆ ಬಾಕಿ ಬಿದ್ದಿರುತ್ತಾನೆ. ದಿನವೂ ಕೈಯಾಡಿಸುವ ವೇದಿಕೆಯದೇ ಒಂದು, ಮುಂದೆ ಹೋಗಬೇಕೆಂದಿರುವ ಕಡೆಯದು ಇನ್ನೊಂದು. ಅದಕ್ಕಿಂತ ಹೆಚ್ಚಿಗೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ದಂಡ. ಫ್ರೆಶರ್‌ಗೆ ಮೊದಲ ಕೆಲಸದ ಹೊತ್ತಿನಲ್ಲಿ ಸರ್ಟಿಫಿಕೇಟು ಕೊಡುವಷ್ಟು ಲಾಭ ಎಂಟು ವರ್ಷ ಅನುಭವ ಇರುವವನಿಗೆ ಕೊಡುವುದಿಲ್ಲ. ಅವನ ಪಾಲಿಗೆ ಅದು ಪಾಲುದಾರ ಸ್ಥಾನದ ಎಣಿಕೆಯಲ್ಲಿ ಒಂದು ತಲೆ. ಆ ಎಣಿಕೆಗೆ ನೀವು ಬೇಕಾಗಿದ್ದರೆ ಪರೀಕ್ಷಾ ಶುಲ್ಕ ಕಂಪನಿಯೇ ಕಟ್ಟಲಿ. ಅದಕ್ಕೆ ಪ್ರತಿಯಾಗಿ ಎಷ್ಟು ತಿಂಗಳ ಬಾಂಡ್ ಕೇಳುತ್ತಾರೆ ಎಂಬುದನ್ನು ಓದಿ ಸಹಿ ಹಾಕಿ.

ಕೆಲಸ ಕೊಡುವವರು ಪಿಡಿಎಫ್ ನಂಬಬಾರದು. ಅದನ್ನು ತಿದ್ದಲು ಹತ್ತು ನಿಮಿಷ ಸಾಕು. ಡಿಜಿಟಲ್ ಬ್ಯಾಡ್ಜ್ ಇಡುವ ಕ್ರೆಡ್ಲಿ ತಾಣದ ಕೊಂಡಿ, ಮೈಕ್ರೋಸಾಫ್ಟ್ ಲರ್ನ್‌ನ ಟ್ರಾನ್ಸ್‌ಕ್ರಿಪ್ಟ್ ಕೊಂಡಿ, ರೆಡ್ ಹ್ಯಾಟ್‌ನ ಸರ್ಟಿಫಿಕೇಷನ್ ಐಡಿ, ಇವುಗಳಲ್ಲಿ ತಕ್ಕದ್ದನ್ನು ಕೇಳಿ, ಹೆಸರೂ ಮುಗಿಯುವ ದಿನಾಂಕವೂ ಹೊಂದುತ್ತವೆಯೇ ನೋಡಿ. ಈ ಹಂತ ದಾಟಿದವರಿಗೆ ಬೇಕಂತಲೇ ಕೆಡಿಸಿದ ಒಂದು ವರ್ಚುವಲ್ ಯಂತ್ರ ಕೊಟ್ಟು ನಲವತ್ತು ನಿಮಿಷ ಬಿಡಿ. ಲಿನಕ್ಸ್ ಆದರೆ ಮೂರು ದೋಷ ಸಾಕು. ಒಂದನೆಯದು: ಡಿಸ್ಕ್ ತುಂಬಿದೆ ಎಂದು ಡಿಎಫ್ ಆಜ್ಞೆ ಹೇಳುತ್ತದೆ, ಡಿಯು ಆಜ್ಞೆಯಿಂದ ಎಣಿಸಿದರೆ ಅಷ್ಟು ಫೈಲು ಇಲ್ಲ. ಅಳಿಸಿದ ಲಾಗ್ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ತೆರೆದು ಹಿಡಿದಿದೆ. ತೆರೆದ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಓಡಿಸಿ ಅದನ್ನು ಹಿಡಿಯಬೇಕು. ಎರಡನೆಯದು: ವೆಬ್ ಪುಟಗಳ ಅನುಮತಿ ಸರಿಯಿದ್ದರೂ ಸರ್ವರ್ ಓದಲೊಲ್ಲದು, ಏಕೆಂದರೆ ಮನೆ ಡೈರೆಕ್ಟರಿಯಿಂದ ಸರಿಸಿ ತಂದ ಫೈಲುಗಳಿಗೆ ಎಸ್‌ಇಲಿನಕ್ಸ್ (ಲಿನಕ್ಸಿನ ಹೆಚ್ಚುವರಿ ಭದ್ರತೆ) ಲೇಬಲ್ ಹಳೆಯದೇ ಉಳಿದಿದೆ. ಎಸ್‌ಇಲಿನಕ್ಸ್ ಅನ್ನೇ ಆರಿಸಿ ‘ಆಯ್ತು’ ಅಂದವನಿಗೆ ಅರ್ಧ ಅಂಕವೂ ಬೇಡ. ಮೂರನೆಯದು: ಸೇವೆ ನಿಂತಿದೆ. ಎಲ್ಲರೂ ಅದನ್ನು ಸ್ಟಾರ್ಟ್ ಮಾಡುತ್ತಾರೆ, ರೀಬೂಟ್ ಆದಾಗಲೂ ಏಳುವಂತೆ ಎನೇಬಲ್ ಮಾಡುವುದನ್ನು ಹಲವರು ಮರೆಯುತ್ತಾರೆ. ಆದ್ದರಿಂದ ಅಂಕ ಹಾಕುವ ಮುನ್ನ, ರೆಡ್ ಹ್ಯಾಟ್ ತನ್ನ ಪರೀಕ್ಷೆಗಳಲ್ಲಿ ಮಾಡುವಂತೆಯೇ, ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ ನೋಡಬೇಕು.